ಮೂರನೇ ಬಾಟಲಿ ತಪ್ಪಿಸಿಕೊಂಡಿದ್ದು

ಹೋದ ದೃಷ್ಟಿ ನನಗೆ ವಾಪಸ್ ಬಂದಿಲ್ಲ. ಕಣ್ಣಿನ ನರ ಹಾಳಾಗುವ ಗ್ಲಕೋಮಾದಲ್ಲಿ ಅದು ಬರುವುದೂ ಇಲ್ಲ. ನಾನು ಹೇಳಹೊರಟಿರುವುದು ಕಣ್ಣಿನೊಳಗಿನ ಪ್ರೆಶರ್ ವಿಷಯ. ಎರಡು ಬಗೆ ಡ್ರಾಪ್ಸ್ ಹಾಕಿಯೂ 22ರಿಂದ ಕೆಳಗಿಳಿಯದೆ ಕೂತಿದ್ದ ಪ್ರೆಶರ್ ಈಗ ನಾಲ್ಕೈದು ವರ್ಷದಿಂದ 14, 15ರಲ್ಲಿ ನಿಂತಿದೆ. ಔಷಧ ಅದೇ, ಹಾಕುವ ರೀತಿ ಮಾತ್ರ ಬೇರೆ.

ನಾನು ಮುಂಬೈಯ ಮಾಟುಂಗಾದ ಹೋಟೆಲಿನಲ್ಲಿ ಗಲ್ಲಾ ನೋಡುವವನು. ಮನೆ ಡೊಂಬಿವಲಿಯಲ್ಲಿ. ನನ್ನ ಎರಡು ಡ್ರಾಪ್ಸ್: ಲಟಾನೊಪ್ರೊಸ್ಟ್ ರಾತ್ರಿ ಒಂದು ಸಲ, ಬ್ರಿಮೊನಿಡಿನ್-ಟಿಮೊಲಾಲ್ ಬೆಳಿಗ್ಗೆ ಸಂಜೆ. ಹೋಟೆಲ್ ಮುಚ್ಚಿ, ಲೋಕಲ್ ಹಿಡಿದು ಮನೆ ಸೇರುವಾಗ ಹನ್ನೆರಡು ದಾಟಿರುತ್ತದೆ. ಆ ನಿದ್ದೆಗಣ್ಣಲ್ಲಿ ಕನ್ನಡಿ ಮುಂದೆ ನಿಂತು ಹಾಕಿದರೆ ಒಂದು ಹನಿ ಕಣ್ಣಿಗೆ, ಎರಡು ಕೆನ್ನೆಗೆ. ಹೆಂಡತಿಗೆ ಹಾಕಲು ಹೇಳಿದೆ. ಬಾಟಲಿ ಹತ್ತಿರ ಬಂದ ಕೂಡಲೇ ನನ್ನ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಅವಳಿಗೆ ಸಿಟ್ಟು. ಬಾಟಲಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಗೈಡ್ ಒಂದನ್ನು ಇನ್ನೂರೈವತ್ತೋ ಮುನ್ನೂರೋ ಕೊಟ್ಟು ತಂದೆ. ಅದು ನನ್ನ ಬಾಟಲಿಗೆ ಕೂರಲೇ ಇಲ್ಲ.

ದುಡ್ಡಿನ ಲೆಕ್ಕವನ್ನೂ ನೋಡಿ. ಲಟಾನೊಪ್ರೊಸ್ಟಿನ 2.5 ಮಿಲಿ ಬಾಟಲಿಯಲ್ಲಿ ಹೆಚ್ಚುಕಮ್ಮಿ 80 ಹನಿ. ಎರಡು ಕಣ್ಣಿಗೆ ದಿನಕ್ಕೊಂದರಂತೆ ತಿಂಗಳಿಗೆ 60 ಸಾಕು. ನನ್ನದು ಇಪ್ಪತ್ತು ದಿನಕ್ಕೇ ಖಾಲಿ. ಆಗ ಒಂದಕ್ಕೆ ನಾನೂರರ ಆಸುಪಾಸು. ಕೆನ್ನೆಗೆ ಇಷ್ಟು ದುಬಾರಿ ಔಷಧ ಹಚ್ಚುವವರು ಮುಂಬೈಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ!

ಡಾಕ್ಟರು ಮೂರನೇ ಬಾಟಲಿ ಸೇರಿಸೋಣ, ಆಮೇಲೂ ಇಳಿಯದಿದ್ದರೆ ಆಪರೇಷನ್ ಅಂದರು. "ಒಂದು ತಿಂಗಳು ಟೈಮ್ ಕೊಡಿ, ಹಾಕುವುದನ್ನು ಸರಿ ಮಾಡಿಕೊಂಡು ಬರ್ತೇನೆ" ಎಂದೆ. ಅವರು ಮುಖ ಒಂದು ಥರ ಮಾಡಿ ಒಪ್ಪಿದರು. ನಮ್ಮ ಭಾವ ಅಂತೂ, "ಹನಿ ಬೀಳುವುದರಲ್ಲಿ ಏನುಂಟು ಮಾರಾಯ, ಸುಮ್ನೆ ಆಪರೇಷನ್ ಮಾಡಿಸು" ಎಂದು ನಕ್ಕರು.

ಮೊದಲು ಸಮಯ ಬದಲಿಸಿದೆ. ಲಟಾನೊಪ್ರೊಸ್ಟನ್ನು ಹೋಟೆಲಿನಲ್ಲೇ ಹಾಕಲು ಶುರು ಮಾಡಿದೆ, ಶಟರ್ ಅರ್ಧ ಎಳೆದ ಮೇಲೆ. ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆಗಳ ಮೇಲೆ ಅಂಗಾತ ಮಲಗುತ್ತೇನೆ. ಎಡಗೈ ಬೆರಳಿಂದ ಕೆಳರೆಪ್ಪೆ ಎಳೆದು ಹಿಡಿಯುವುದು. ಬಾಟಲಿ ಹಿಡಿದ ಬಲಗೈಯನ್ನು ಗಾಳಿಯಲ್ಲಿ ಬಿಡದೆ ಎಡಗೈ ಗೆಣ್ಣಿನ ಮೇಲೇ ಊರುವುದು. ಆಗ ಕೈ ನಡುಗಿದರೂ ಎರಡೂ ಒಟ್ಟಿಗೆ ನಡುಗುತ್ತವೆ, ಗುರಿ ತಪ್ಪುವುದಿಲ್ಲ. ಬಾಟಲಿ ಮೂತಿ ಕಣ್ಣಿಗೆ ತಾಗಬಾರದು. ಕಣ್ಣು ಮೇಲೆ ಫ್ಯಾನಿನ ಕಡೆಗೆ. ಒಂದೇ ಹನಿ. ಆಮೇಲೆ ಕಣ್ಣು ಮುಚ್ಚಿ, ಪಿಳಿಪಿಳಿ ಮಾಡದೆ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯುವುದು. ಇಲ್ಲದಿದ್ದರೆ ಔಷಧ ಮೂಗಿಗಿಳಿದು ರಕ್ತ ಸೇರುತ್ತದೆ. ಬ್ರಿಮೊನಿಡಿನ್ ಹಾಕಿದ ಮೇಲೆ ಬಾಯಿ ಒಣಗಿ ತೂಕಡಿಕೆ ಬರುತ್ತಿದ್ದದ್ದು ಒತ್ತಲು ಶುರು ಮಾಡಿದ ಮೇಲೆ ಅರ್ಧಕ್ಕರ್ಧ ಕಮ್ಮಿಯಾಯಿತು.

ಇನ್ನೊಂದು, ಬಾಟಲಿ ಫ್ರಿಜ್‌ನಿಂದ ನೇರ ಬರಬೇಕು. ತಣ್ಣಗಿದ್ದರೆ ಹನಿ ಒಳಗೆ ಬಿತ್ತೋ ಹೊರಗೆ ಬಿತ್ತೋ ತಕ್ಷಣ ಗೊತ್ತಾಗುತ್ತದೆ. ಹೋಟೆಲ್ ಫ್ರಿಜ್‌ನಲ್ಲಿ ಬೆಣ್ಣೆ ಪಕ್ಕ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಹುಡುಗರು ಅದನ್ನು ಮುಟ್ಟದಂತೆ ಮಾಡಿದ್ದು ಹೇಗೆ, ಗಿರಾಕಿ ಜಾಸ್ತಿ ಇರುವ ಶನಿವಾರವೂ ಮರೆಯದಿರುವುದು ಹೇಗೆ ಎಂಬುದು ನನ್ನ ಗುಟ್ಟು, ಬಿಡಿ.

ತಿಂಗಳ ನಂತರ 16. ಡಾಕ್ಟರು ಇನ್ನೊಮ್ಮೆ ಅಳೆದರು. 15. ಮೂರನೇ ಬಾಟಲಿಯ ಮಾತು ಅಲ್ಲಿಗೇ ನಿಂತಿತು. ಭಾವ ಈಗ ಆ ವಿಷಯ ಎತ್ತುವುದಿಲ್ಲ.

ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವಾಗ ಬೇರೆ ಪೇಚಾಟ. ನನ್ನ ಬಾಟಲಿಯ ಮೇಲೆ ತೆರೆದ ನಂತರ 25 ಡಿಗ್ರಿ ಒಳಗೆ ಎಂದಿದೆ. ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ ಒಳಗೆ ಥರ್ಮಾಮೀಟರ್ ಇಟ್ಟು ನೋಡಿದೆ. ಕೊಂಕಣದ ಸೆಕೆಗೆ ಬಟ್ಟೆ ಒಣಗಿದರೆ ತಾನೆ ತಣ್ಣಗಾಗುವುದು? 29, 30ರಲ್ಲೇ ಇತ್ತು. ಕೊನೆಗೆ ಶುಗರಿನವರು ಇನ್ಸುಲಿನ್ ಒಯ್ಯುವ ಚೀಲವೇ ಗೆದ್ದಿತು. ಅದಕ್ಕೆ ಆರೇಳುನೂರು ಹೋಯಿತು.

ಸಣ್ಣ ದೀಪ ಕಂಡಾಗಲೆಲ್ಲ ಬಟನ್ ಒತ್ತಿಸಿ ದೃಷ್ಟಿ ಎಲ್ಲೆಲ್ಲಿ ಉಳಿದಿದೆ ಎಂದು ನೋಡುವ ಫೀಲ್ಡ್ ಟೆಸ್ಟ್ ಬಗ್ಗೆಯೂ ಹೇಳಬೇಕು. ರಾತ್ರಿ ಡ್ಯೂಟಿ ಮುಗಿಸಿದ ಮರುದಿನ ಹೋದರೆ ರಿಪೋರ್ಟ್ ತುಂಬ ಕಪ್ಪೇ, ಅಂದರೆ ಕಾಣದ ಜಾಗಗಳೇ. ರಜೆಯ ದಿನ ಬೆಳಿಗ್ಗೆ ಹೋಗಿ. ಕಣ್ಣು ಸರಿಯಿದ್ದವರಿಗೂ ಅರ್ಧದಷ್ಟು ದೀಪ ಕಾಣದಂತೆಯೇ ಆ ಮಷಿನ್ ಇರುವುದು, ಗಾಬರಿಯಾಗಿ ಸುಮ್ಮಸುಮ್ಮನೆ ಒತ್ತಬೇಡಿ. ನಾನು ಹೋಗುವಲ್ಲಿನ ಮಷಿನ್‌ನಲ್ಲಿ ಬಟನ್ ಒತ್ತಿಯೇ ಹಿಡಿದರೆ ಟೆಸ್ಟ್ ನಿಲ್ಲುತ್ತದೆ. ಕಣ್ಣು ಮಿಟುಕಿಸಿ, ಉಸಿರು ಬಿಟ್ಟು, ಮತ್ತೆ ಶುರು ಮಾಡಬಹುದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಪಾರ್ಕಿನ ಯೋಗದವರು ಶೀರ್ಷಾಸನ ಕಣ್ಣಿಗೆ ಒಳ್ಳೆಯದು ಎಂದು ಹಟ ಹಿಡಿದಿದ್ದರು. ತಲೆ ಕೆಳಗಾದರೆ ಕಣ್ಣಿನ ಪ್ರೆಶರ್ ಸುಮಾರು ದುಪ್ಪಟ್ಟಾಗುತ್ತದೆ. ಆ ಒಂದು ಆಸನಕ್ಕೆ ನಾನು ಕೈಮುಗಿದೆ. ಬೆಳಿಗ್ಗೆ ಎದ್ದು ಒಂದೇ ಉಸಿರಿಗೆ ಚೊಂಬು ನೀರು ಕುಡಿದರೂ ಪ್ರೆಶರ್ ಏರುತ್ತದೆ; ಅದನ್ನೂ ಬಿಟ್ಟು, ಸ್ವಲ್ಪ ಸ್ವಲ್ಪವೇ ಕುಡಿಯುತ್ತೇನೆ.

ಒಡಹುಟ್ಟಿದವರಿಗೂ ಬರುವ ಸಂಭವ ಜಾಸ್ತಿ ಎಂದು ತಮ್ಮನನ್ನು ಎಳೆದುಕೊಂಡು ಹೋಗಿ ನೋಡಿಸಿದೆ. ಪ್ರೆಶರ್ 25 ಬಂತು. ಅವನಿಗೆ ಉಬ್ಬಸ ಇದೆ, ಟಿಮೊಲಾಲ್ ಆಗುವುದಿಲ್ಲ. ಬರೀ ರಾತ್ರಿಯ ಬಾಟಲಿ ಕೊಟ್ಟಿದ್ದಾರೆ. ಕನ್ನಡಿ ಮುಂದೆ ನಿಂತೇ ಹಾಕುತ್ತೇನೆ ಅನ್ನುತ್ತಾನೆ. ಮುಂದಿನ ರವಿವಾರ ಅವನನ್ನು ಅಕ್ಕಿ ಮೂಟೆ ಮೇಲೆ ಮಲಗಿಸುವುದಿದೆ.