ತಂತಿ ಬಲ್ಬಿನ ಟಾರ್ಚ್‌ನ ಬೆಳಕು ಹೆಚ್ಚಿಸುವ ಬಗೆ

ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ರಾತ್ರಿ ಹೊತ್ತು ಗದ್ದೆಗೆ ನೀರು ಕಟ್ಟಲು ಹೋಗುವವರಿಗೆ, ಬದುವಿನ ಮೇಲೆ ಮಲಗಿರುವ ಕೊಳಕುಮಂಡಲ ಹಾವು ನಾಲ್ಕು ಹೆಜ್ಜೆ ಮೊದಲೇ ಕಾಣಬೇಕು. ಎಲ್‌ಇಡಿ ಟಾರ್ಚ್‌ಗಳು ಬಂದಿದ್ದರೂ ದಪ್ಪ ಸೆಲ್ಲಿನ ಹಳೆಯ ಲೋಹದ ಟಾರ್ಚ್‌ಗಳು ಅನೇಕ ಮನೆಗಳಲ್ಲಿ ಇನ್ನೂ ಉಳಿದಿವೆ. ಅವು ಮಂಕಾಗಿದ್ದರೆ ಎಸೆಯಬೇಕಾಗಿಲ್ಲ.

ಬಲ್ಬಿನೊಳಗೆ ಕಾದು ಬೆಳಗುವ ಟಂಗ್‌ಸ್ಟನ್ ಲೋಹದ ತಂತಿಯ ಸ್ವಭಾವವನ್ನು ಮೊದಲು ತಿಳಿಯಬೇಕು. ಬಲ್ಬಿಗೆ ಸಿಗುವ ವೋಲ್ಟೇಜ್ ಶೇ 10ರಷ್ಟು ಹೆಚ್ಚಿದರೆ ಬೆಳಕು ಶೇ 35ಕ್ಕಿಂತಲೂ ಹೆಚ್ಚು ಏರುತ್ತದೆ. ಆದರೆ ಬಲ್ಬಿನ ಬಾಳಿಕೆ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ವೋಲ್ಟೇಜ್ ಕಡಿಮೆಯಾದಾಗಲೂ ಬೆಳಕು ಹಾಗೆಯೇ ಬೇಗ ಇಳಿಯುತ್ತದೆ. ಎರಡು ಸೆಲ್ಲಿನ ಟಾರ್ಚ್‌ಗೆ ಬಳಸುವ 2.4 ವೋಲ್ಟ್, 0.5 ಆಂಪಿಯರ್ ಬಲ್ಬನ್ನೇ ತೆಗೆದುಕೊಳ್ಳಿ. ತುಕ್ಕು ಹಿಡಿದ ಸ್ಪ್ರಿಂಗ್ ಮತ್ತು ಸವೆದ ಸ್ವಿಚ್ಚು ಸೇರಿ ದಾರಿಯಲ್ಲಿ 0.2 ವೋಲ್ಟ್ ತಿಂದರೆ ಸುಮಾರು ಕಾಲು ಭಾಗ ಬೆಳಕು ಹೋಯಿತೆಂದೇ ಲೆಕ್ಕ. ಆದ್ದರಿಂದ ಹೊಸ ಬಲ್ಬಿಗೆ ಹಣ ಕೊಡುವ ಮೊದಲು ಈ ಸೋರಿಕೆಯನ್ನು ತಡೆಯುವುದೇ ಸರಿಯಾದ ಕ್ರಮ.

ಸೆಲ್‌ಗಳನ್ನು ಹೊರತೆಗೆದು, ಸ್ಪ್ರಿಂಗ್‌ನ ತುದಿ, ಬಲ್ಬಿನ ಬುಡದ ಸೀಸದ ಬೊಟ್ಟು, ಹಿಂದಿನ ಮುಚ್ಚಳದ ತಿರುಪಿನ ಸುತ್ತು ಮತ್ತು ಅದು ಕೂರುವ ಕವಚದ ಅಂಚು, ಇಷ್ಟನ್ನೂ ನಯವಾದ ಉಪ್ಪುಕಾಗದದಿಂದ ಲೋಹ ಹೊಳೆಯುವಷ್ಟು ಮಾತ್ರ ಹಗುರವಾಗಿ ಉಜ್ಜಿ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಜೋರಾಗಿ ಉಜ್ಜಿದರೆ ಮೇಲಿನ ಲೇಪ ಹೋಗಿ ಸ್ಪ್ರಿಂಗ್ ಮತ್ತೆ ಬೇಗ ತುಕ್ಕು ಹಿಡಿಯುತ್ತದೆ. ಉಕ್ಕಿನ ಸ್ಪ್ರಿಂಗ್ ತಾಮ್ರದಷ್ಟು ಸರಾಗವಾಗಿ ವಿದ್ಯುತ್ ಹರಿಸುವುದಿಲ್ಲ. ಹೀಗಾಗಿ ಅದರ ಎರಡೂ ತುದಿಗಳಿಗೆ, ಅದುಮಿದಾಗ ಮಡಚಿಕೊಳ್ಳುವಷ್ಟು ಸಡಿಲವಾಗಿ, ಮೆದುವಾದ ತಾಮ್ರದ ಎಳೆತಂತಿಯೊಂದನ್ನು ಬೆಸೆಯಬೇಕು. ರೇಡಿಯೊ, ಮೊಬೈಲ್ ರಿಪೇರಿ ಮಾಡುವ ಯಾವ ಅಂಗಡಿಯಲ್ಲಾದರೂ ಇದನ್ನು ಮಾಡಿಕೊಡುತ್ತಾರೆ. ನನ್ನ ಮಟ್ಟಿಗೆ, ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸವಿದು. ಬಲ್ಬು ಉರಿಯುತ್ತಿರುವಾಗ ಸ್ವಿಚ್ಚಿನ ಎರಡೂ ಬದಿಗೆ ವೋಲ್ಟ್ ಅಳೆಯುವ ಮೀಟರಿನ ಕಡ್ಡಿಗಳನ್ನು ತಾಗಿಸಿ ನೋಡಿ, 0.1 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಸ್ವಿಚ್ಚಿನ ಪಟ್ಟಿಯನ್ನೂ ಶುಚಿಗೊಳಿಸಬೇಕು.

ನಂತರ ಸೆಲ್. ಅಗ್ಗದ ಸತು–ಇಂಗಾಲದ ಸೆಲ್ ಅರ್ಧ ಆಂಪಿಯರ್ ಭಾರಕ್ಕೆ ಬೇಗನೆ ಸೋಲುತ್ತದೆ, ಆಲ್ಕಲೈನ್ ಹೆಚ್ಚು ಹೊತ್ತು ತಾಳುತ್ತದೆ. ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟ್‌ನದಾದರೂ ಭಾರ ಬಿದ್ದಾಗ ಅಷ್ಟಾಗಿ ಕುಸಿಯದ ಕಾರಣ ಬೆಳಕು ಸಮನಾಗಿರುತ್ತದೆ. ಹಳೆಯ ಮತ್ತು ಹೊಸ ಸೆಲ್‌ಗಳನ್ನು ಬೆರೆಸಬೇಡಿ. ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗೆ ಸೆಲ್ ಹಾಕಿಟ್ಟ ಟಾರ್ಚ್ ಇಟ್ಟರೆ ಸೆಲ್ ಸೋರಿ ಕವಚವೇ ಹಾಳಾಗಬಹುದು.

ಬಲ್ಬನ್ನು ಬದಲಿಸುವುದಾದರೆ ಅದೇ ವೋಲ್ಟೇಜಿನ ಕ್ರಿಪ್ಟಾನ್ ಅಥವಾ ಕ್ಸೆನಾನ್ ತುಂಬಿದ ಬಲ್ಬನ್ನು ಕೇಳಿ. ಈ ಭಾರದ ಅನಿಲಗಳು ತಂತಿಯ ಲೋಹ ಆವಿಯಾಗುವುದನ್ನು ನಿಧಾನಗೊಳಿಸುವುದರಿಂದ ತಂತಿಯನ್ನು ಹೆಚ್ಚು ಕಾಯಿಸಿ, ಹೆಚ್ಚು ಬಿಳಿಯ ಬೆಳಕು ಪಡೆಯಲು ಸಾಧ್ಯವಾಗುತ್ತದೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಹೊಸ ಬಲ್ಬಿನ ತಂತಿ ಮೇಲೆ ಕೆಳಗೆ ಕೂತಿದ್ದರೆ ಬೆಳಕು ಚದುರುತ್ತದೆ. ಗೋಡೆಗೆ ಬೆಳಕು ಬಿಟ್ಟು, ನಡುವಿನ ಬೊಟ್ಟು ಚಿಕ್ಕದಾಗುವವರೆಗೆ ತಲೆಯನ್ನು ತಿರುಗಿಸಿ ಹೊಂದಿಸಿ. ಪ್ರತಿಫಲಕವನ್ನು ಬಟ್ಟೆಯಿಂದ ಉಜ್ಜದೆ, ಧೂಳನ್ನು ಊದಿ ತೆಗೆದರೆ ಸಾಕು.

ಇಷ್ಟಾದರೂ ಸಾಲದೆಂದು ಕಡಿಮೆ ವೋಲ್ಟೇಜಿನ ಬಲ್ಬನ್ನು ಹೆಚ್ಚು ವೋಲ್ಟೇಜಿನ ಸೆಲ್‌ಗೆ ಹಾಕುವವರಿದ್ದಾರೆ. ಮೂರು ಸೆಲ್ಲಿನ 3.6 ವೋಲ್ಟ್ ಬಲ್ಬಿಗೆ, ಪೂರ್ತಿ ತುಂಬಿದಾಗ 4.2 ವೋಲ್ಟ್ ಕೊಡುವ ಲಿಥಿಯಂ ಸೆಲ್ ಹಾಕಿದರೆ ಬೆಳಕು ಒಂದೂವರೆ ಪಟ್ಟು ಮೀರುತ್ತದೆ, ಆದರೆ ಬಲ್ಬಿನ ಬಾಳಿಕೆ ಆರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ರಕ್ಷಣಾ ಸರ್ಕ್ಯೂಟ್ ಇಲ್ಲದ ಲಿಥಿಯಂ ಸೆಲ್ಲನ್ನು ಲೋಹದ ಕವಚದೊಳಗೆ ಎಂದಿಗೂ ಹಾಕಬೇಡಿ. ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳಬಹುದು. ಪ್ಲಾಸ್ಟಿಕ್ ಪ್ರತಿಫಲಕವಿದ್ದರೆ ಈ ಮಾರ್ಪಾಡನ್ನೇ ಕೈಬಿಡಿ, ಏಕೆಂದರೆ ಶಾಖಕ್ಕೆ ಅದು ಕರಗಬಹುದು. ಲೋಹದ್ದಾಗಿದ್ದು ಮಾಡಿಯೇ ತೀರುವುದಾದರೆ ಹೆಚ್ಚುವರಿ ಬಲ್ಬೊಂದನ್ನು ಹತ್ತಿಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡೇ ಹೊಲಕ್ಕೆ ಹೋಗಿ.