ಎದುರು ಗಾಳಿಯನ್ನು ರೈಲಿಗೆ ಬಿಟ್ಟ ದಿನ

ಮೊದಲ ಸಲ ನಾನು ತಪ್ಪು ದಿಕ್ಕಿಗೆ ಹೊರಟಿದ್ದೆ. 2018ರ ಡಿಸೆಂಬರ್. ಶಿಂಚುವಿನ ವಿಜ್ಞಾನ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಕೈಯಲ್ಲಿ ಹೊಸ ಸೈಕಲ್ ಇತ್ತು, ತೈವಾನಿನ ಪೂರ್ವದ ಕಣಿವೆಯನ್ನು ತುಳಿದು ನೋಡಬೇಕೆಂಬ ಹುಮ್ಮಸ್ಸೂ ಇತ್ತು. ಆ ದ್ವೀಪವನ್ನು ಸೈಕಲ್ಲಿನಲ್ಲಿ ಸುತ್ತಿ ಬರುವುದಕ್ಕೆ ಅವರು ‘ಹ್ವಾನ್‌ದಾವ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ದ್ವೀಪ ಪ್ರದಕ್ಷಿಣೆ. ಆದರೆ ಬಹಳ ಜನ ಸುತ್ತುವುದು ಅಪ್ರದಕ್ಷಿಣೆಯಾಗಿ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ, ಹಾಗಾಗಿ ಅಪ್ರದಕ್ಷಿಣೆ ಸುತ್ತಿದವರಿಗೆ ಕರಾವಳಿಯಲ್ಲಿ ಸಮುದ್ರ ಮಗ್ಗುಲಲ್ಲೇ ಸಿಗುತ್ತದೆ. ಹತ್ತು ಜನ ಹೋದ ದಾರಿ ಎಂದು ನಾನೂ ತೈತುಂಗ್ ಊರಿನಿಂದ ಉತ್ತರಕ್ಕೆ ಮುಖ ಮಾಡಿದೆ. ಕಣಿವೆಯೊಳಗೆ ಸಮುದ್ರವೇ ಕಾಣುವುದಿಲ್ಲ ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಚಳಿಗಾಲದಲ್ಲಿ ಅಲ್ಲಿ ಈಶಾನ್ಯ ಮಾರುತ ಬೀಸುತ್ತದೆ. ಪಶ್ಚಿಮಕ್ಕೆ ನಡುನಾಡಿನ ದೊಡ್ಡ ಪರ್ವತ ಸಾಲು, ಪೂರ್ವಕ್ಕೆ ಕರಾವಳಿಯ ಚಿಕ್ಕ ಸಾಲು, ನಡುವೆ ಓಣಿಯಂಥ ಕಣಿವೆ. ಆ ಓಣಿಗೆ ಗಾಳಿ ಹೊಕ್ಕರೆ ಕೊಳವೆಯಲ್ಲಿ ಊದಿದ ಹಾಗೆ. ಲೂಯೆಯ ಏರಿನಲ್ಲಿ ನನ್ನ ಪಕ್ಕದಲ್ಲೇ ಒಂದು ಚಿಟ್ಟೆ ನನಗಿಂತ ಮುಂದೆ ಹೋಯಿತು. ಸುಳ್ಳಲ್ಲ. ನಲವತ್ತೈದು ಕಿಲೋಮೀಟರಿನಷ್ಟು ದೂರದ ಗುವಾನ್‌ಶಾನ್ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಕಳೆದು ತೊಡೆ ಕಲ್ಲಾಗಿತ್ತು. ಸಾಕು, ರೈಲು ಹತ್ತೋಣ ಎಂದು ನಿಲ್ದಾಣಕ್ಕೆ ಹೋದರೆ ನನ್ನ ಬಳಿ ಸೈಕಲ್ಲನ್ನು ಬಿಚ್ಚಿ ತುಂಬುವ ಚೀಲವಿಲ್ಲ. ಚೀಲವಿಲ್ಲದ ಸೈಕಲ್ಲನ್ನು ಕೆಲವೇ ರೈಲುಗಳಿಗೆ, ಕೆಲವೇ ನಿಲ್ದಾಣಗಳಲ್ಲಿ ಹತ್ತಿಸಿಕೊಳ್ಳುತ್ತಾರೆ, ಅದಕ್ಕೆ ಅರ್ಧ ಟಿಕೆಟ್ಟು. ಅಂಥ ರೈಲಿಗಾಗಿ ಕತ್ತಲಾಗುವವರೆಗೆ ಬೆಂಚಿನ ಮೇಲೆ ಕುಳಿತೆ.

ಆ ಬೆಂಚಿನ ಮೇಲೆ ಕುಳಿತೇ ಮುಂದಿನ ಸಲದ ಲೆಕ್ಕ ಹಾಕಿದೆ. ಗಾಳಿ ಬಂದಾಗ ತೂರಿಕೋ ಎಂದು ನಮ್ಮವರು ಕಣದಲ್ಲಿ ನಿಂತು ಹೇಳಿದ್ದು ಸೈಕಲ್ಲಿಗೂ ಸಲ್ಲುತ್ತದೆ. ಗಾಳಿ ಹೋಗುವ ಕಡೆಗೆ ನಾನು ತುಳಿಯುವುದು, ಗಾಳಿಗೆ ಎದುರಾಗಿ ವಾಪಸು ಬರುವ ಕೆಲಸವನ್ನು ರೈಲಿಗೆ ಬಿಡುವುದು. ಉತ್ತರದಿಂದ ದಕ್ಷಿಣಕ್ಕೆ, ಅಂದರೆ ನಿಜವಾದ ಪ್ರದಕ್ಷಿಣೆಯ ದಿಕ್ಕಿಗೆ.

ತೈವಾನಿನಲ್ಲಿ ಸೈಕಲ್ಲನ್ನು ‘ತ್ಯೆಮಾ’ ಎಂದೂ ಕರೆಯುತ್ತಾರೆ, ಕಬ್ಬಿಣದ ಕುದುರೆ. ರೈಲು ಮಾರ್ಗಕ್ಕೆ ‘ತ್ಯೆಲೂ’, ಕಬ್ಬಿಣದ ದಾರಿ. ಎರಡನ್ನೂ ಸೇರಿಸಿ ತಿರುಗುವುದಕ್ಕೆ ‘ಲ್ಯಾಂಗ್‌ತ್ಯೆ’, ಎರಡು ಕಬ್ಬಿಣ. 2019ರ ಜನವರಿಯ ಒಂದು ಶುಕ್ರವಾರ ಸಂಜೆ ನಾನು ಕಣಿವೆಯ ಉತ್ತರ ತುದಿಯ ಹ್ವಾಲಿಯೆನ್‌ಗೆ ಹೋಗಿ ತಂಗಿದೆ. ಶನಿವಾರ ಬೆಳಕು ಹರಿಯುವ ಮೊದಲೇ ನಿಲ್ದಾಣದ ಎದುರಿನ ದೀಪದ ಕೆಳಗೆ ಕುದುರೆಯನ್ನು ಬಿಚ್ಚುತ್ತಾ ಕುಳಿತಿದ್ದೆ.

ಚೀಲಕ್ಕೆ ತುಂಬುವ ಕೆಲಸ ನೋಡಿದಷ್ಟು ಸುಲಭವಲ್ಲ. ನಾನು ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿದ್ದೆ. ಮೊದಲು ಹಿಂದಿನ ಗೇರನ್ನು ಅತ್ಯಂತ ಚಿಕ್ಕ ಹಲ್ಲಿಗೆ ಇಳಿಸಬೇಕು, ಆಗ ಚೈನು ಸಡಿಲವಾಗಿ ಚಕ್ರ ಸಲೀಸಾಗಿ ಹೊರಬರುತ್ತದೆ. ಸೈಕಲ್ಲನ್ನು ತಲೆಕೆಳಗು ಮಾಡಿ ಎರಡೂ ಚಕ್ರ ಬಿಚ್ಚಿ, ಫ್ರೇಮಿನ ಎರಡು ಬದಿಗೆ ಒಂದೊಂದು ಇಟ್ಟು ಮೂರು ಕಡೆ ಪಟ್ಟಿ ಬಿಗಿದು, ಚೈನಿಗೆ ಹಳೆಯ ಪಂಚೆಯ ತುಂಡು ಸುತ್ತುತ್ತೇನೆ. ಗೇರಿನ ಬದಿ ಎಂದೂ ನೆಲಕ್ಕೆ ತಾಗಬಾರದು. ಗೇರು ತೂಗುವ ಆ ಸಣ್ಣ ಅಲ್ಯೂಮಿನಿಯಂ ಕೊಂಡಿ ಕೂದಲೆಳೆಯಷ್ಟು ಬಾಗಿದರೂ ದಿನವಿಡೀ ಚೈನು ಕಟಕಟ ಎನ್ನುತ್ತದೆ. ಕೊನೆಗೆ ಚೀಲ ಎಳೆದಾಗ ಪೆಡಲು, ಹ್ಯಾಂಡಲಿನ ತುದಿ, ಯಾವುದೂ ಹೊರಗೆ ಇಣುಕಬಾರದು. ಪೂರ್ತಿ ಮುಚ್ಚಿದ್ದರೆ ಅದು ಸೈಕಲ್ಲಲ್ಲ, ಸಾಮಾನು. ಅದಕ್ಕೆ ಟಿಕೆಟ್ಟೂ ಇಲ್ಲ. ಬೋಗಿಯ ಕೊನೆಯ ಗೋಡೆಗೆ ಒರಗಿಸಿ, ಕಂಬಿಗೆ ಒಂದು ಪಟ್ಟಿ ಕಟ್ಟಿ, ಎದುರಿನ ಸೀಟಿನಲ್ಲಿ ಕುಳಿತೆ.

ಈ ಹಳಿಗೂ ಒಂದು ಕಥೆಯಿದೆ. ಹ್ವಾಲಿಯೆನ್‌ನಿಂದ ತೈತುಂಗ್‌ವರೆಗಿನ ಮಾರ್ಗವನ್ನು ಜಪಾನೀಯರು ತಮ್ಮ ಆಳ್ವಿಕೆಯಲ್ಲಿ ಹಾಕಿದರು, 1926ರಲ್ಲಿ ಮುಗಿಯಿತು. ಆಗ ಅದು 762 ಮಿಲಿಮೀಟರ್ ಅಗಲದ ಪುಟ್ಟ ಹಳಿ. 1982ರಲ್ಲಿ ದ್ವೀಪದ ಉಳಿದ ಹಳಿಗಳಂತೆ 1067 ಮಿಲಿಮೀಟರಿಗೆ ಹಿಗ್ಗಿಸಿದರು. ನಮ್ಮ ಹಳೆಯ ಮೀಟರ್ ಗೇಜಿಗಿಂತ ನಾಲ್ಕು ಬೆರಳು ಅಗಲ, ಅಷ್ಟೆ. ವಿದ್ಯುತ್ ಬಂದದ್ದು 2014ರಲ್ಲಿ. ಹಳಿ ನೆಟ್ಟಗೆ ಮಾಡುವಾಗ ಬಿಟ್ಟುಹೋದ ಒಂದು ತುಂಡೇ ನಾನು ಅಂದು ತುಳಿಯಬೇಕಿದ್ದ ದಾರಿ.

ಒಂದೂವರೆ ಗಂಟೆಯ ಮೇಲೆ ಯೂಲಿಯಲ್ಲಿ ಇಳಿದೆ. ಚೀಲ ಬಿಚ್ಚಿ, ಹಿಂದಿನ ಚಕ್ರ ಕೂಡಿಸಿ, ಮುಂದಿನದನ್ನು ಕೂಡಿಸಲು ಹೋದರೆ ಬ್ರೇಕಿನ ತಟ್ಟೆ ಒಳಗೆ ಹೋಗಲೊಲ್ಲದು. ನೋಡಿದರೆ ಬ್ರೇಕಿನ ಎರಡು ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು ಕುಳಿತಿವೆ. ಹೈಡ್ರಾಲಿಕ್ ಬ್ರೇಕುಗಳ ಗುಣವೇ ಅದು. ಚಕ್ರವಿಲ್ಲದಾಗ ಹಿಡಿ ಒತ್ತಿದರೆ ಪ್ಯಾಡುಗಳು ಮುಂದೆ ಬಂದು ಅಲ್ಲೇ ನಿಂತುಬಿಡುತ್ತವೆ. ರೈಲಿನಲ್ಲಿ ಚೀಲ ಎತ್ತುವಾಗ ಹಿಡಿಯನ್ನು ಒತ್ತಿದವನು ನಾನೇ. ನಡುವೆ ಸಿಕ್ಕಿಸಲೆಂದು ಸೈಕಲ್ ಜೊತೆ ಬಂದಿದ್ದ ಪ್ಲಾಸ್ಟಿಕ್ ತುಂಡು ಶಿಂಚುವಿನ ಮನೆಯ ಮೇಜಿನ ಡ್ರಾಯರಿನಲ್ಲಿ ಸುಖವಾಗಿತ್ತು.

ಸ್ಕ್ರೂಡ್ರೈವರ್ ತೆಗೆದು ಮೀಟಲು ಹೊರಟಾಗ, ಅಷ್ಟು ಹೊತ್ತು ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. ಎಪ್ಪತ್ತರ ಮೇಲಿನ ವಯಸ್ಸು, ಬಿಗಿಯಾದ ಸೈಕಲ್ ಚಡ್ಡಿ, ತಲೆಗೆ ಹೂವಿನ ಚಿತ್ತಾರದ ಕರವಸ್ತ್ರ. ನನ್ನ ಚೀಲದಿಂದ ಟೈರು ಬಿಚ್ಚುವ ಪ್ಲಾಸ್ಟಿಕ್ ಮೀಟುಗೋಲನ್ನು ಅವರೇ ಹುಡುಕಿ ತೆಗೆದು, ಅದರ ತೆಳುವಾದ ತುದಿಯನ್ನು ಪ್ಯಾಡುಗಳ ಸಂದಿಗೆ ತೂರಿಸಿ, ಕೂಸಿನ ಬಾಯಿ ಬಿಡಿಸುವಷ್ಟು ಮೆಲ್ಲಗೆ ತಿರುವಿದರು. ಲೋಹದಿಂದ ಮೀಟಿದ್ದರೆ ಪ್ಯಾಡು ಚೂರಾಗುತ್ತಿತ್ತು ಎಂದು ಆಮೇಲೆ ತಿಳಿಯಿತು. ‘ಮಾನ್ ಮಾನ್ ಲಾಯ್’ ಎಂದರು. ನಿಧಾನ, ನಿಧಾನ. ಅಲ್ಲಿ ಈ ವಯಸ್ಸಿನವರು ಸೈಕಲ್ ತುಳಿಯುವುದು ಯಾರಿಗೂ ಸೋಜಿಗವಲ್ಲ. ಜೈಂಟ್ ಸೈಕಲ್ ಕಂಪನಿ ಕಟ್ಟಿದ ಕಿಂಗ್ ಲಿಯು 2007ರಲ್ಲಿ ದ್ವೀಪ ಸುತ್ತಿದಾಗ ಅವರಿಗೆ 73 ವರ್ಷ. ನಾನು ಹೊರಟಾಗ ಹಿರಿಯರು ಮುಷ್ಟಿ ಎತ್ತಿ ‘ಜ್ಯಾಯೋ’ ಎಂದು ಕೂಗಿದರು. ಪದದ ಅರ್ಥ ‘ಎಣ್ಣೆ ಹಾಕು’, ಭಾವ ‘ಹುರುಪಿನಿಂದ ಸಾಗು’. ಎಣ್ಣೆ ಹಾಕು ಎಂದರೆ ನಮ್ಮೂರಲ್ಲಿ ಬೇರೆಯೇ ಅರ್ಥ ಎಂದು ಅವರಿಗೆ ವಿವರಿಸುವಷ್ಟು ಚೀನೀ ಭಾಷೆ ನನಗೆ ಬರುತ್ತಿರಲಿಲ್ಲ.

ಯೂಲಿಯಿಂದ ದೊಂಗ್ಲಿಯವರೆಗೆ ಹಳೆಯ ಹಳಿಯ ಜಾಗದಲ್ಲಿ ಸುಮಾರು ಹತ್ತು ಕಿಲೋಮೀಟರ್ ಸೈಕಲ್ ದಾರಿ ಮಾಡಿದ್ದಾರೆ. ರೈಲು ಏರಲಾರದ ಏರನ್ನು ರೈಲು ಮಾರ್ಗದವರು ಬಿಡುವುದಿಲ್ಲವಲ್ಲ, ಅದರ ಪುಣ್ಯ ನಮ್ಮ ಮೊಣಕಾಲಿಗೆ. ಬೆನ್ನಿಗೆ ಗಾಳಿ. ಡಿಸೆಂಬರಿನಲ್ಲಿ ಮುಖಕ್ಕೆ ಹೊಡೆದಿದ್ದ ಅದೇ ಗಾಳಿ. ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ ನಿಲ್ಲುತ್ತಿರಲಿಲ್ಲ. ಎರಡು ಬೆಳೆಯ ಭತ್ತ ಮುಗಿದು ಗದ್ದೆಗಳು ಬಿಡುವಾಗಿದ್ದವು. ಉಳುವ ಮೊದಲು ಹಸಿರೆಲೆ ಗೊಬ್ಬರಕ್ಕೆಂದು ಅಲ್ಲಿ ಸಾಸಿವೆಯ ಜಾತಿಯ ಗಿಡ ಬಿತ್ತುತ್ತಾರೆ. ಕಣಿವೆಯ ತುಂಬ ಹಳದಿ.

ಶ್ಯೂಗುಲುವಾನ್ ನದಿಯ ಸೇತುವೆಯ ಮೇಲೆ ಎಲ್ಲರೂ ನಿಲ್ಲುತ್ತಾರೆ, ನಾನೂ ನಿಂತೆ. ಒಂದು ಕಡೆ ಯುರೇಷಿಯಾ ಭೂಫಲಕ, ಇನ್ನೊಂದು ಕಡೆ ಫಿಲಿಪ್ಪೀನ್ ಸಮುದ್ರದ ಭೂಫಲಕ ಎಂದು ಗುರುತು ಮಾಡಿದ್ದಾರೆ. ಒಂದು ಕಾಲು ಅತ್ತ, ಒಂದು ಕಾಲು ಇತ್ತ ಇಟ್ಟು ಫೋಟೊ ತೆಗೆಸಿಕೊಳ್ಳುವವರ ಸಾಲು. ಮಕ್ಕಳಾಟದಂತೆ ಕಂಡರೂ ಕೆಳಗಿನ ವ್ಯವಹಾರ ಆಟವಲ್ಲ. ಮುಂದೆ ಚಿಶಾಂಗ್ ಬಳಿ ಬಿರುಕು ಹಾಯ್ದುಹೋಗುವ ಕಡೆ ನೆಲ ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ಸದ್ದಿಲ್ಲದೆ ಸರಿಯುತ್ತದೆ. ಒಮ್ಮೊಮ್ಮೆ ಸದ್ದು ಮಾಡಿಯೂ ಸರಿಯುತ್ತದೆ. 2022ರ ಸೆಪ್ಟೆಂಬರ್ 18ರ ಭೂಕಂಪದಲ್ಲಿ ದೊಂಗ್ಲಿ ನಿಲ್ದಾಣದ ಪ್ಲಾಟ್‌ಫಾರ್ಮಿನ ಚಾವಣಿ ರೈಲಿನ ಮೇಲೆ ಕುಸಿಯಿತು, ಯೂಲಿಯ ಬಳಿ ಗಾವ್‌ಲ್ಯಾವ್ ಸೇತುವೆ ಮಲಗಿಬಿಟ್ಟಿತು. ಬೆಂಗಳೂರಿನ ಮನೆಯಲ್ಲಿ ಕುಳಿತು ಆ ಚಿತ್ರ ನೋಡಿದಾಗ ನನಗೆ ಮೊದಲು ನೆನಪಾದದ್ದು ಹೂವಿನ ಕರವಸ್ತ್ರ.

ದೊಂಗ್ಲಿಯ ಹಳೆಯ ನಿಲ್ದಾಣ ಈಗ ಸೈಕಲ್ಲಿನವರ ತಂಗುದಾಣ. ಅಲ್ಲಿಂದ ಮುಂದೆ ಒಂಬತ್ತನೆಯ ಹೆದ್ದಾರಿಯೇ ಗತಿ. ಅಂಚಿನಲ್ಲಿ ಸ್ಕೂಟರು, ಸೈಕಲ್ಲುಗಳಿಗೆ ಸಾಕಷ್ಟು ಜಾಗವಿದೆ, ಲಾರಿಗಳೂ ಮರ್ಯಾದೆಯಿಂದ ಹೋಗುತ್ತವೆ. ಫೂಲಿಯಲ್ಲಿ ಟೈರಿಗೆ ಗಾಳಿ ಕಡಿಮೆ ಎನಿಸಿ ಪೊಲೀಸ್ ಠಾಣೆಗೆ ಹೋದೆ. ಹೌದು, ಠಾಣೆಗೇ. ಸೈಕಲ್ ದಾರಿಗಳ ಮೇಲಿನ ಬಹಳಷ್ಟು ಠಾಣೆಗಳಲ್ಲಿ ಪಂಪು, ಸಲಕರಣೆ, ಕುಡಿಯುವ ನೀರು ಇಟ್ಟಿರುತ್ತಾರೆ. ಪೊಲೀಸ್ ಠಾಣೆಯ ಮೆಟ್ಟಿಲನ್ನು ಅಷ್ಟು ಹಗುರ ಮನಸ್ಸಿನಿಂದ ಹತ್ತಿದ್ದು ಜೀವನದಲ್ಲಿ ಅದೇ ಮೊದಲು.

ದಾರಿಯುದ್ದಕ್ಕೂ ಅಡಿಕೆ ಮರಗಳು ಕಂಡವು. ತೀರ್ಥಹಳ್ಳಿಯ ಕಡೆಯವನಾದ ನನಗೆ ಕಣ್ಣು ಅಲ್ಲಿಗೇ ಹೋಗುತ್ತದೆ. ನಾವು ಸುಲಿದು, ಬೇಯಿಸಿ, ಒಣಗಿಸಿ, ಬಣ್ಣ ಕಟ್ಟಿಸಿ ಅಷ್ಟೆಲ್ಲ ಒದ್ದಾಡುವ ಅಡಿಕೆಯನ್ನು ಅವರು ಎಳೆಯದಾಗಿರುವಾಗಲೇ ಕೊಯ್ದು, ಹಸಿರು ಕಾಯನ್ನು ಸಿಪ್ಪೆಯ ಸಮೇತ, ಸುಣ್ಣ ಹಚ್ಚಿದ ವೀಳ್ಯದೆಲೆಯಲ್ಲಿ ಸುತ್ತಿ ಜಗಿಯುತ್ತಾರೆ. ಒಂದು ಗೂಡಂಗಡಿಯಲ್ಲಿ ಕೊಂಡು ಬಾಯಿಗೆ ಹಾಕಿಕೊಂಡೆ. ಕಿವಿ ಬಿಸಿಯಾಗಿ, ಹಣೆ ಬೆವತು, ಮುಂದಿನ ಎರಡು ಕಿಲೋಮೀಟರ್ ಸೈಕಲ್ ತಾನಾಗಿಯೇ ಹೋಯಿತು. ಅಜ್ಜ ಕಂಡಿದ್ದರೆ ಎಳೆಗಾಯಿ ಹಾಳು ಮಾಡಿದರು ಎಂದು ಬೈಯುತ್ತಿದ್ದರು.

ಚಿಶಾಂಗ್ ಆ ಭಾಗದಲ್ಲಿ ಎತ್ತರದ ಜಾಗ, ಅಲ್ಲಿಯವರೆಗೆ ತಿಳಿಯದಷ್ಟು ಮೆಲ್ಲಗೆ ಏರುತ್ತಾ ಬಂದಿರುತ್ತೇವೆ. ಅಲ್ಲಿಯ ಅಕ್ಕಿಗೆ ದ್ವೀಪದಲ್ಲೆಲ್ಲ ಹೆಸರು. ಗದ್ದೆಗಳ ನಡುವೆ ಒಂದೇ ಒಂದು ವಿದ್ಯುತ್ ಕಂಬವಿಲ್ಲದ ಉದ್ದನೆಯ ರಸ್ತೆಯಿದೆ. ಕಾಫಿಯ ಜಾಹೀರಾತೊಂದರಿಂದ ಅದಕ್ಕೆ ಬ್ರೌನ್ ಅವೆನ್ಯೂ ಎಂಬ ಹೆಸರು ಬಿತ್ತು. 2013ರಲ್ಲಿ ವಿಮಾನ ಕಂಪನಿಯ ಜಾಹೀರಾತಿಗಾಗಿ ನಟ ತಾಕೇಶಿ ಕನೇಶಿರೋ ಅಲ್ಲಿನ ಒಂದು ಮರದ ಕೆಳಗೆ ಕುಳಿತು ಚಹಾ ಕುಡಿದ. ಅಂದಿನಿಂದ ಮರಕ್ಕೆ ಅವನದೇ ಹೆಸರು. 2014ರ ಚಂಡಮಾರುತಕ್ಕೆ ಮರ ಉರುಳಿದಾಗ ಮತ್ತೆ ಎತ್ತಿ ನಿಲ್ಲಿಸಿದರು. ಅದೇ ಬಿಷೋಫಿಯಾ ಮರ ನಮ್ಮ ಪಶ್ಚಿಮ ಘಟ್ಟದ ಹಳ್ಳದ ದಂಡೆಗಳಲ್ಲಿ ಯಾರ ಹೆಸರೂ ಇಲ್ಲದೆ ಬೆಳೆಯುತ್ತದೆ. ನಾನು ಹೋದಾಗ ಬಾಡಿಗೆ ಸೈಕಲ್ಲುಗಳ ಜಾತ್ರೆ. ಮರವನ್ನು ನೋಡದಿದ್ದರೂ ನಷ್ಟವಿಲ್ಲ. ರಸ್ತೆಯನ್ನು ಮಾತ್ರ ಬಿಡಬೇಡಿ.

ಚಿಶಾಂಗ್‌ನ ಬುತ್ತಿಯೂ ಹೆಸರುವಾಸಿ. ತೆಳು ಮರದ ಪೆಟ್ಟಿಗೆಯಲ್ಲಿ ಅನ್ನ, ಅದರ ಮೇಲೆ ಹಂದಿ ಮಾಂಸ, ಮೊಟ್ಟೆ, ಉಪ್ಪಿನಕಾಯಿ. ಸಸ್ಯಾಹಾರಿಯಾದ ನನಗೆ ತೈವಾನಿನಲ್ಲಿ ಒಂದೇ ಮಂತ್ರ, ‘ಸು’. ಆ ಅಕ್ಷರದ ಪಕ್ಕದಲ್ಲಿ ಸ್ವಸ್ತಿಕವಿದ್ದರೆ ಅದು ಬೌದ್ಧರ ಸಸ್ಯಾಹಾರಿ ಊಟದ ಮನೆ, ಕಣ್ಣು ಮುಚ್ಚಿ ಒಳಗೆ ಹೋಗಬಹುದು. ಹಾಗೆ ಸಿಕ್ಕಿದ ಬುತ್ತಿಯನ್ನು ನಿಲ್ದಾಣದ ಹತ್ತಿರ ಬಿಚ್ಚಿ, ಅಂಟಂಟಾದ ಬಿಸಿ ಅನ್ನಕ್ಕೆ ಡಬ್ಬಿಯಲ್ಲಿ ತಂದಿದ್ದ ಚಟ್ನಿಪುಡಿ ಉದುರಿಸಿದೆ. ಅಕ್ಕಿಯ ರುಚಿ ಕೆಟ್ಟಿತೋ ಏರಿತೋ, ಆ ಊರಿನವರೇ ಹೇಳಬೇಕು. ಒಂದು ಕಿಲೋ ಅಕ್ಕಿಯ ಪೊಟ್ಟಣವನ್ನೂ ಕೊಂಡೆ. ಸೈಕಲ್ ತುಳಿಯುವವನು ಅಕ್ಕಿ ಹೊರುವುದು ಬುದ್ಧಿವಂತಿಕೆಯಲ್ಲ, ಆದರೆ ಇನ್ನು ಉಳಿದದ್ದು ಇಳಿಜಾರು ಮತ್ತು ಬೆನ್ನಗಾಳಿ.

ಹನ್ನೆರಡು ಕಿಲೋಮೀಟರ್ ಇಳಿದು ಗುವಾನ್‌ಶಾನ್ ತಲುಪಿದ್ದೇ ತಿಳಿಯಲಿಲ್ಲ. ಊರನ್ನು ಸುತ್ತುವ ಸೈಕಲ್ ದಾರಿ ಅಲ್ಲಿದೆ, ಅದನ್ನು ಅರ್ಧ ಸುತ್ತಿ ಬಿಟ್ಟೆ. ಈ ಸಲ ರೈಲಿಗೆ ನಲವತ್ತು ನಿಮಿಷ ಮೊದಲೇ ನಿಲ್ದಾಣದಲ್ಲಿರಬೇಕೆಂದು ಹಟ ಹಿಡಿದಿದ್ದೆ. ಚೀಲಕ್ಕೆ ತುಂಬಲು ನನಗೆ ಹದಿನೈದು ನಿಮಿಷ ಬೇಕು, ದಣಿದಾಗ ಇಪ್ಪತ್ತೈದು. ಈ ಬಾರಿ ಬುತ್ತಿಯ ಪೆಟ್ಟಿಗೆಯ ರಟ್ಟನ್ನು ಮಡಚಿ ಬ್ರೇಕಿನ ಪ್ಯಾಡುಗಳ ನಡುವೆ ಸಿಕ್ಕಿಸಿದೆ. ಡಿಸೆಂಬರಿನ ಬೆಂಚು ಅಲ್ಲೇ ಇತ್ತು.

ಬೀದಿಯ ಅಂಗಡಿಯಲ್ಲಿ ಸೀತಾಫಲ ಕಂಡಿತು. ತೈತುಂಗ್ ಜಿಲ್ಲೆ ಅದಕ್ಕೆ ಪ್ರಸಿದ್ಧ. ಅವರು ಅದನ್ನು ‘ಶ್ರ್‌ಜ್ಯಾ’ ಎನ್ನುತ್ತಾರೆ, ಅಂದರೆ ಶಾಕ್ಯ. ಬುದ್ಧನ ತಲೆಯ ಗುಂಗುರು ಕೂದಲಿನಂತೆ ಕಾಣುವುದರಿಂದ ಆ ಹೆಸರು. ನಮಗೆ ಸೀತೆ, ಅವರಿಗೆ ಶಾಕ್ಯಮುನಿ. ಅಂಗಡಿಯಾಕೆ ಕಲ್ಲಿನಂಥ ಎರಡು ಕಾಯಿ ಆರಿಸಿ, ಮೂರು ಬೆರಳು ತೋರಿಸಿದರು. ಬೆಲೆ ಎಂದುಕೊಂಡು ನೋಟು ಹಿರಿದರೆ ನಕ್ಕರು. ಮೂರು ದಿನ ಬಿಟ್ಟು ತಿನ್ನು ಎಂದಂತೆ.

ವಾಪಸಿನ ರೈಲು ಉತ್ತರಕ್ಕೆ ಓಡಿತು. ಕಿಟಕಿಯಾಚೆ ಅಡಿಕೆ ಮರಗಳ ತಲೆಗಳೆಲ್ಲ ದಕ್ಷಿಣಕ್ಕೆ ವಾಲಿದ್ದವು, ಒಳಗೆ ಒಂದು ಎಳೆ ಗಾಳಿಯೂ ಇರಲಿಲ್ಲ. ಯೂಲಿ ಬಂದದ್ದು ಹೋದದ್ದು ತಿಳಿಯದಂತೆ ನಿದ್ದೆ ಹೋಗಿದ್ದೆ. ಶಿಂಚು ಮುಟ್ಟಿ, ಎರಡೂ ಕಾಯಿಗಳನ್ನು ಚಿಶಾಂಗ್‌ನ ಅಕ್ಕಿಯೊಳಗೆ ಹುಗಿದಿಟ್ಟೆ, ಊರಿನಲ್ಲಿ ಅಮ್ಮ ಇಡುವಂತೆ. ಒಂದು ಮಂಗಳವಾರ ಹಣ್ಣಾಯಿತು, ಇನ್ನೊಂದು ಬುಧವಾರ.