ರೂಲಿಂಗ್ ಪೆನ್ ಹಿಡಿದು ನಸ್ರೀನ್ ಅವರನ್ನು ಓದಿದ್ದು

ಗೆರೆಗಳಿಂದಲೇ ಚಿತ್ರ ಕಟ್ಟಿದ ಭಾರತೀಯ ಕಲಾವಿದೆ ನಸ್ರೀನ್ ಮೊಹಮದಿ ಅವರ ಬಗ್ಗೆ ಪಾಠ ಮಾಡಲು ಹೊರಟವರಿಗೆ ಮೊದಲ ತೊಡಕೇ ಇದು: ಹೆಚ್ಚಿನ ಚಿತ್ರಗಳಿಗೆ ಹೆಸರಿಲ್ಲ, ಇಸವಿಯೂ ಇಲ್ಲ. ಯಾವುದರ ಹಿಂದೆ ಯಾವುದು ಬಂತು ಅಂತ ಹುಡುಗರಿಗೆ ಹೇಗೆ ಹೇಳೋದು? ನಾನು ಸ್ಲೈಡ್ ಬದಿಗಿಟ್ಟು, ಡ್ರಾಫ್ಟಿಂಗ್ ಬೋರ್ಡು, ಸೆಟ್‌ಸ್ಕ್ವೇರು, ಇಂಡಿಯನ್ ಇಂಕು ಜೋಡಿಸಿಕೊಂಡು ಗೆರೆ ಎಳೆಯಲು ಕೂತೆ.

ರೂಲಿಂಗ್ ಪೆನ್ನನ್ನು ಈಗಿನ ಹುಡುಗರು ನೋಡಿರುವುದಿಲ್ಲ. ಉಕ್ಕಿನ ಎರಡು ಎಸಳು, ಅವನ್ನು ಹಿಡಿದಿಡುವ ಒಂದು ತಿರುಪು. ಬಿಗಿದಷ್ಟೂ ಗೆರೆ ಸಣ್ಣ. ಶಾಯಿಯನ್ನು ಡ್ರಾಪರ್‌ನಿಂದ ಎಸಳುಗಳ ನಡುವೆಯೇ ಬಿಡಬೇಕು. ಹೊರಮೈಗೆ ತಾಕಿದರೆ ಸ್ಕೇಲಿನಡಿ ನುಗ್ಗುತ್ತದೆ. ಎಳೆಯುತ್ತ ಕೈ ತಡೆದರೆ ಅಲ್ಲೇ ಗೆರೆ ದಪ್ಪಗಾಗುತ್ತದೆ. ಒತ್ತೊತ್ತಾಗಿ ಎಳೆಯುವಾಗ ಹಿಂದಿನ ಗೆರೆ ಒಣಗುವ ತನಕ ಸ್ಕೇಲು ಅದರ ಮೇಲೆ ಹೋಗುವಂತಿಲ್ಲ. ಬೆನ್ನು ಹಿಡಿದುಕೊಳ್ಳುವ ಹೊತ್ತಿಗೆ ಒಂದು ಅಂಗೈ ಅಗಲದ ಜಾಗ ತುಂಬಿರುತ್ತದೆ, ಅಷ್ಟೇ. ಇದನ್ನು 'ಯಂತ್ರದಂಥ ಚಿತ್ರ' ಅನ್ನುವವರ ಕೈಗೆ ಈ ಪೆನ್ನು ಕೊಡಬೇಕು. ಅದೂ ನಸ್ರೀನ್ ಅವರಿಗೆ ಮೈಯ ಹಿಡಿತವನ್ನೇ ತಪ್ಪಿಸುತ್ತಿದ್ದ ನರರೋಗ. ಕೊನೆಯ ವರ್ಷಗಳ ಗೆರೆಯಲ್ಲೂ ನಡುಕ ಕಾಣದು.

ಇಸವಿ ಇಲ್ಲದ ಚಿತ್ರಗಳನ್ನು ಕೊನೆಗೆ ಸಾಮಾನಿನ ಲೆಕ್ಕದಲ್ಲೇ ಜೋಡಿಸಿದೆ. 1960ರ ದಶಕದ್ದರಲ್ಲಿ ಕುಂಚ, ತೆಳು ಬಣ್ಣ, ಗಿಡಬಳ್ಳಿಯ ಸುಳಿವು. 1970ರ ದಶಕದಲ್ಲಿ ಚೌಕುಳಿ. ಆಮೇಲೆ ಓರೆಗೆರೆ, ಕಮಾನು, ಸುತ್ತ ಬರಿ ಹಾಳೆ. ಒಳಗೊಳಗೆ ಹಿಂದುಮುಂದಾಗಿರಬಹುದು, ದಿಕ್ಕಂತೂ ಗೊತ್ತಾಗುತ್ತದೆ.

ಬದುಕಿನ ವಿವರ ಬೋರ್ಡಿನ ಮೂಲೆಯಲ್ಲಿ ಬರೆದೆ: 1937ರಲ್ಲಿ ಕರಾಚಿಯಲ್ಲಿ ಹುಟ್ಟು, ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ, ಆಮೇಲೆ ಪ್ಯಾರಿಸ್ಸಿನಲ್ಲಿ ಓದು, 1972ರಿಂದ ಬರೋಡಾದಲ್ಲಿ ಮೇಷ್ಟ್ರಾಗಿ ಕೆಲಸ, 1990ರಲ್ಲಿ ಸಾವು. ಬರೋಡಾದಲ್ಲಿ ಆಗ ಕತೆ ಹೇಳುವ, ಮನುಷ್ಯರು ತುಂಬಿದ ಚಿತ್ರಗಳ ಕಾಲ. ಅದರ ನಡುವೆ ಬರಿ ಗೆರೆ ಎಳೆಯುವ ಹೆಂಗಸಿನತ್ತ ಕಣ್ಣು ಹೋಗದಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಶಾಖೆ ಮೆಟ್ ಬ್ರಾಯರ್ ತನ್ನ ಬಾಗಿಲು ತೆರೆದಾಗ ಆಕೆಯ ಪ್ರದರ್ಶನವನ್ನೂ ಇಟ್ಟಿತು. ಆಕೆ ಹೋಗಿ ಇಪ್ಪತ್ತಾರು ವರ್ಷವಾಗಿತ್ತು! ಈಗ ಎಲ್ಲರೂ ಆಕೆಯನ್ನು ಚೌಕುಳಿ ಚಿತ್ರಗಳ ಅಮೆರಿಕದ ಕಲಾವಿದೆ ಆಗ್ನೆಸ್ ಮಾರ್ಟಿನ್ ಜೊತೆ ಹೋಲಿಸುತ್ತಾರೆ. ನನಗದು ಅಷ್ಟು ಒಗ್ಗದು. ನಸ್ರೀನ್ ಗೆರೆಗಳಿಗಿರುವ ಓಟ ಮಾರ್ಟಿನ್ ಚೌಕುಳಿಗಳಲ್ಲಿಲ್ಲ.

ಹುಡುಗರಿಗೆ ಹೆಚ್ಚು ಹಿಡಿಸಿದ್ದು ಆಕೆ ಬದುಕಿದ್ದಾಗ ಪ್ರದರ್ಶಿಸದೇ ಉಳಿಸಿದ್ದ ಕಪ್ಪುಬಿಳುಪು ಫೋಟೋಗಳು. ಫತೇಪುರ್ ಸಿಕ್ರಿಯ ಕಲ್ಲುಹಾಸಿನ ಫೋಟೋ ಪಕ್ಕ ಗೆರೆಚಿತ್ರ ಇಟ್ಟೆ. ಮುಂದಿನ ವಾರದ ಅಭ್ಯಾಸವೂ ಅದೇ: ಕಾಲೇಜಿನ ಮೆಟ್ಟಿಲ ನೆರಳಿನ ಫೋಟೋ ತೆಗೆದು, ಅದರಲ್ಲಿ ಬೇಕಾದ ಓರೆಯನ್ನಷ್ಟೇ ಆರಿಸಿ ಶಾಯಿಯಲ್ಲಿ ಎಳೆದು ತರಬೇಕು.